ಕೊಂಡಿಯಿಲ್ಲದ ಕಣಜ

ನನ್ನ ಕಸುಬು ಕೊಳ್ಳುವುದು ಮತ್ತು ಮಾರುವುದು. ಶಿರಸಿ ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಕೋಣೆ, ಬಾಗಿಲಿಗೆ ತಕ್ಕಡಿ. ಜೇನುತುಪ್ಪ, ಮೇಣ, ಸೀಗೆ, ಅಂಟುವಾಳ, ಮುರುಗಲ ಸಿಪ್ಪೆ, ಆಮೇಲೆ ತೊಂಬತ್ತರ ದಶಕದಲ್ಲಿ ಊರಿಗೆ ಊರೇ ಹುಚ್ಚು ಹಿಡಿದಂತೆ ಕೊಯ್ದು ಒಣಗಿಸಿದ ಉಪ್ಪಾಗೆ ಹಣ್ಣಿನ ಸಿಪ್ಪೆ. ಅಪ್ಪ ನನಗೆ ಬಿಟ್ಟುಹೋದದ್ದು ಅಂತ ಏನೂ ಇರಲಿಲ್ಲ, ಗಟ್ಟಿ ಗಂಟಲೊಂದನ್ನು ಬಿಟ್ಟರೆ. ಸೈಕಲ್ಲಿನಲ್ಲಿ ಶುರುಮಾಡಿ ಮೊಪೆಡ್ಡಿಗೆ ಬಂದೆ. ಸಿದ್ದಾಪುರ, ಯಲ್ಲಾಪುರದ ಯಾವ ಹಳ್ಳಿಯಲ್ಲಿ ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರದು ಬರೀ ಬೊಗಳುತ್ತದೆ ಎಂಬುದು ಬಾಯಿಪಾಠವಾಗಿತ್ತು.

ಜೇನುತುಪ್ಪ ಕೊಳ್ಳುವವರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ನೀರಿಗೆ ಹಾಕಿ ನೋಡುವುದು, ಬತ್ತಿಗೆ ಹಚ್ಚಿ ಉರಿಸುವುದು, ಇದನ್ನೆಲ್ಲ ನಂಬಬೇಡಿ. ತಂದವನನ್ನು ಕೂರಿಸಿ, ನೀರು ಕೊಟ್ಟು, ಈಗ ನಿಮ್ಮ ಬೆಟ್ಟದಲ್ಲಿ ಯಾವ ಹೂ ಬಿಟ್ಟಿದೆ ಎಂದು ಕೇಳಿ. ಬೆಲ್ಲದ ಪಾಕ ತಂದವನಿಗೆ ಹೂವಿನ ಹೆಸರು ತಟ್ಟನೆ ಬರುವುದಿಲ್ಲ. ನಾನು ಹೀಗೆಯೇ ಎಷ್ಟೋ ಡಬ್ಬಿಗಳನ್ನು ಬಂದ ದಾರಿಯಲ್ಲೇ ವಾಪಸು ಕಳಿಸಿದ್ದೇನೆ. ನಕಲಿ ಮಾಲು ನನ್ನ ಕಣ್ಣಿಗೆ ಮಣ್ಣೆರಚಿ ಹೋಗಲಾರದು ಎಂದು ನಂಬಿಕೊಂಡಿದ್ದೆ. ಆ ನಂಬಿಕೆಯನ್ನು ಒಂದು ಹುಳ ಕೆಡಿಸಿತು. ಕೆಡಿಸಿದ್ದು ನನ್ನ ನಂಬಿಕೆಯನ್ನಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಹೆಗ್ಗರಣೆಯ ಕಡೆ ನನ್ನ ಅಕ್ಕನ ಮನೆ. ಅಕ್ಕನ ಗಂಡ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರಾಗಿದ್ದು ನಿವೃತ್ತರಾದವರು. ನಮ್ಮಲ್ಲಿ ಅಕ್ಕನ ಗಂಡನೂ ಭಾವ, ಹೆಂಡತಿಯ ತಮ್ಮನೂ ಭಾವ. ಹಾಗಾಗಿ ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆದುಕೊಳ್ಳುತ್ತಿದ್ದೆವು. ಕರೆಯುವ ಹೆಸರು ಒಂದೇ ಆದರೂ ನಮ್ಮ ದಾರಿ ಬೇರೆ. ನಾನು ತೂಕದ ಮನುಷ್ಯ, ಅವರು ಪತಂಗದ ಮನುಷ್ಯ. ಅದರಲ್ಲೂ ಹಗಲಿನಲ್ಲಿ ಹಾರುವ, ಕಣಜದ ಹಾಗೆ, ದುಂಬಿಯ ಹಾಗೆ ವೇಷ ಹಾಕಿಕೊಂಡ ಪತಂಗಗಳೆಂದರೆ ಅವರಿಗೆ ಊಟವೂ ಬೇಡ. ಮೊಪೆಡ್ಡಿನ ಹಿಂದೆ ಕೂತು ನನ್ನ ಜೊತೆ ಖರೀದಿಗೆ ಬರುತ್ತಿದ್ದರು. ನಾನು ಅಂಗಳದಲ್ಲಿ ಚೌಕಾಸಿ ಮಾಡುವಷ್ಟು ಹೊತ್ತು ಅವರು ಬೇಲಿಯ ಬುಡದಲ್ಲಿ ಕೂತಿರುತ್ತಿದ್ದರು. ಎಷ್ಟೋ ಮನೆಯವರು ನಾನು ಯಾರನ್ನೋ ವೈದ್ಯರ ಹತ್ತಿರ ಕರೆದುಕೊಂಡು ಹೊರಟಿದ್ದೇನೆ ಎಂದುಕೊಂಡದ್ದುಂಟು.

ಒಂದು ಬೇಸಿಗೆಯಲ್ಲಿ ವಜ್ರಳ್ಳಿಯ ಹತ್ತಿರ ಮೇಣ ನೋಡಲು ಹೋಗಿದ್ದೆವು. ದಾರಿ ಬದಿಯಲ್ಲಿ ಕುಂಟುನೇರಲ ಮರ ಮೈತುಂಬ ಹೂ ಬಿಟ್ಟು ನಿಂತಿತ್ತು. ಜೇನು ಸಾಕುವವರೆಲ್ಲ ಕಾಯುವ ಹೂವು ಅದು. ತುಡುವೆ ಜೇನು ಮೊರೆಯುತ್ತಿದ್ದ ಆ ಮರದ ಕೆಳಗಿನ ಟೊಂಗೆಯಲ್ಲಿ, ನನ್ನ ಮೂಗಿನ ನೇರಕ್ಕೆ, ಒಂದು ಕಣಜ ಕೂತಿತ್ತು. ಕಪ್ಪು ಮೈ, ಹಳದಿ ಪಟ್ಟೆ, ಸಣ್ಣ ಸೊಂಟ, ಗಾಜಿನಂಥ ರೆಕ್ಕೆ. ಹಿಂಭಾಗವನ್ನು ಬಗ್ಗಿಸಿ ಚುಚ್ಚುವ ಹಾಗೆ ಆಡಿಸುತ್ತಿತ್ತು. ಜೇನುಪೆಟ್ಟಿಗೆಯ ಬಾಯಲ್ಲಿ ಕೂತು ಹುಳ ಹಿಡಿದು ತಿನ್ನುವ ಕಣಜ ನಮ್ಮ ಕಡೆಯವರಿಗೆ ಹಗೆ. ನಾನು ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡೆ.

"ಹೊಡಿಯಡ, ಹೊಡಿಯಡ ಭಾವಾ!" ಅವರು ನನ್ನ ರಟ್ಟೆ ಹಿಡಿದರು. "ಅದು ಕಣಜ ಅಲ್ದ ಮಾರಾಯಾ, ಪತಂಗ."

"ಎಂತಾ ಪತಂಗ? ಕೊಂಡಿ ಕಾಣ್ತಿಲ್ಯಾ?"

"ಕೊಂಡಿಯೂ ಇಲ್ಲೆ, ಎಂತದೂ ಇಲ್ಲೆ. ಬರೀ ಬಡಿವಾರ. ನಿನ್ನ ಹಂಗೇಯ."

ಬರಿಗೈಯಲ್ಲಿ ಅದನ್ನು ಹಿಡಿದು ಸೀಸೆಗೆ ಹಾಕಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಸೀಸೆಯನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಸೊಂಟ ಸಣ್ಣದಾಗಿಯೇ ಇರಲಿಲ್ಲ. ಎರಡೂ ಪಕ್ಕಕ್ಕೆ ಬಿಳಿ ಚುಕ್ಕೆ ಇಟ್ಟು ಸಣ್ಣಗೆ ಕಾಣುವ ಹಾಗೆ ಬಣ್ಣ ಬಳಿದಿತ್ತು, ಅಷ್ಟೇ. ಬಾಲದ ತುದಿಯಲ್ಲಿ ಕೊಂಡಿಯ ಬದಲು ಬಣ್ಣದ ಕೂದಲಿನ ಒಂದು ಕುಚ್ಚು. ಬಾಯಲ್ಲಿ ಕಚ್ಚುವ ದವಡೆಯಿಲ್ಲ, ಸುರುಳಿ ಸುತ್ತಿದ ಸೊಂಡಿಲು. ರೆಕ್ಕೆಯ ಮೇಲೆ ಪತಂಗಕ್ಕೆ ಇರಬೇಕಾದ ಹುಡಿ ಅಂಚಿನಲ್ಲಿ ಮಾತ್ರ ಉಳಿದಿತ್ತು, ನಡುವೆಲ್ಲ ಗಾಜು. ಗೂಡಿನಿಂದ ಹೊರಬಿದ್ದು ಮೊದಲ ಸಲ ರೆಕ್ಕೆ ಬಡಿದಾಗಲೇ ಹುಡಿಯೆಲ್ಲ ಉದುರಿಹೋಗುತ್ತದಂತೆ. ಕಾರೆ ಗಿಡದ ಮೇಲೆ ಹುಳುವಾಗಿ ಬೆಳೆದು ಆಮೇಲೆ ದುಂಬಿಯ ಹಾಗೆ ಹಾರುವ ಮತ್ತೊಂದು ಪತಂಗವೂ ಹೀಗೇ ಮಾಡುತ್ತದೆ, ಆದರೆ ಅದಕ್ಕೂ ಇದಕ್ಕೂ ನೆಂಟಸ್ತಿಕೆಯೇ ಇಲ್ಲ ಎಂದರು.

ಆವತ್ತು ಅಲ್ಲಿ ಸಿಕ್ಕಿದ್ದು ಎರಡು. ಬರುವಾಗ ದಾರಿಯುದ್ದಕ್ಕೂ ಅವರ ಪಾಠ. ನನಗೆ ಗಾಳಿಯಲ್ಲಿ ಅರ್ಧ ಕೇಳಿಸಿತು, ಉಳಿದದ್ದು ಆಮೇಲೆ ಅಕ್ಕನ ಮನೆಯ ಜಗುಲಿಯಲ್ಲಿ ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ.

ಅವರು ಹೇಳುತ್ತಿದ್ದುದರ ಸಾರ ಇಷ್ಟು. ಕಣಜದಂತೆ ಕಾಣುವ ಪತಂಗಗಳೆಲ್ಲ ಒಂದೇ ಕುಲದವಲ್ಲ. ಗಾಜುರೆಕ್ಕೆಯವರದು ಒಂದು ಮನೆ. ಕಪ್ಪು ರೆಕ್ಕೆಯಲ್ಲಿ ಕಿಟಕಿ ತೆಗೆದಂತೆ ಬಿಳಿ ಮಚ್ಚೆಯಿರುವ ನಿಧಾನದ ಹುಳಗಳದು ಮತ್ತೊಂದು ಮನೆ. ದುಂಬಿಯಂತೆ ಹೂವಿನ ಮುಂದೆ ನಿಂತು ಹಾರುವವು ಇನ್ನೊಂದು ದೊಡ್ಡ ಮನೆತನದವು. ಈ ಮೂರು ಮನೆಯವರೂ ತಮ್ಮ ತಮ್ಮಲ್ಲಿ ಸೇರಿ ಮಾತಾಡಿಕೊಂಡದ್ದಲ್ಲ. ಬೇರೆ ಬೇರೆ ಕಡೆ, ಬೇರೆ ಬೇರೆ ಕಾಲದಲ್ಲಿ, ಅದೇ ವೇಷಕ್ಕೆ ಬಂದು ಮುಟ್ಟಿದವು. ಹಾಗಾಗಿ ವೇಷ ನೋಡಿ ಕುಲ ಹೇಳಬಾರದು. ರೆಕ್ಕೆಯ ನರ ಹೇಗೆ ಓಡಿದೆ, ಮೀಸೆ ತುದಿಯಲ್ಲಿ ದಪ್ಪವೋ ತೆಳುವೋ, ಮುಂದಿನ ರೆಕ್ಕೆಗೆ ಹಿಂದಿನದು ಹೇಗೆ ಸಿಕ್ಕಿಕೊಂಡಿದೆ, ಇದನ್ನು ನೋಡಬೇಕು.

"ಹಂಗಾರೆ ಈ ವೇಷ ಹಾಕ್ಸಿದ್ದು ಯಾರು?" ಎಂದು ನಾನು ಕೇಳಿದ್ದೆ.

"ಹಕ್ಕಿ."

"ಹಕ್ಕಿಯಾ?"

"ಅಲ್ದಾ ಮತ್ತೆ? ಒಂದ್ಸಲ ಕಣಜ ಚುಚ್ಚಿಸ್ಕಂಡ ಹಕ್ಕಿ ಕಣಜದಂಗೆ ಇದ್ದಿದ್ದನ್ನ ಮುಟ್ತಿಲ್ಲೆ. ಪತಂಗದಲ್ಲಿ ಸ್ವಲ್ಪ ಕಣಜದಂಗೆ ಇದ್ದಿದ್ದು ಉಳ್ಕಂಡ್ತು, ಅಷ್ಟೂ ಇಲ್ದೇ ಇದ್ದಿದ್ದು ಹಕ್ಕಿ ಹೊಟ್ಟೆಗೆ ಹೋತು. ಉಳಿದಿದ್ದರ ಮಕ್ಕಳಲ್ಲಿ ಮತ್ತೆ ಅದೇ ಆರಿಸಾಟ. ನಿಂಗೆ ತಿಳಿಯ ಹಂಗೆ ಹೇಳವು ಅಂದ್ರೆ, ಗಿರಾಕಿ ಚುರುಕಾದಷ್ಟೂ ನಕಲಿ ಮಾಲು ಚೊಕ್ಕ ಆಗ್ತಾ ಹೋಗ್ತು."

ಈ ಮಾತು ನನ್ನ ತಲೆಯಲ್ಲಿ ನೆಟ್ಟು ಕೂತಿತು. ಬೆಲ್ಲದ ಪಾಕದವರನ್ನು ಹಿಡಿಯುತ್ತ ಹಿಡಿಯುತ್ತ ನಾನೇ ಅವರಿಗೆ ಹೂವಿನ ಹೆಸರು ಕಲಿಸುತ್ತಿದ್ದೇನೆ ಎಂದು ಆಗಲೇ ಹೊಳೆದದ್ದು. ಮುಂದಿನ ವರ್ಷಗಳಲ್ಲಿ ಪಾಕದವರು ನನ್ನ ಪ್ರಶ್ನೆಗೆ ಸರಿಯಾದ ಉತ್ತರ ಕಲಿತುಕೊಂಡು ಬರತೊಡಗಿದರು.

ಭಾವನಿಗೆ ಆ ಎರಡು ಹುಳಗಳ ಮೇಲೆ ಬೇರೆಯೇ ಆಸೆ ಬೆಳೆಯಿತು. ಹಳೆಯ ಪುಸ್ತಕಗಳಲ್ಲಿ ಗಾಜುರೆಕ್ಕೆಯವರ ವರ್ಣನೆ ಇತ್ತು. ಇದರ ಪಟ್ಟೆ ಯಾವುದಕ್ಕೂ ಹೊಂದುತ್ತಿರಲಿಲ್ಲ. ಹೆಸರೇ ಇಲ್ಲದ ಜಾತಿ ಇರಬಹುದೋ ಅಥವಾ ಯಾರೋ ಎಂದೋ ಹೆಸರಿಟ್ಟು ಮರೆತದ್ದೋ, ತಿಳಿದವರೇ ನೋಡಿ ಹೇಳಬೇಕು. ಅದೇ ಹೊತ್ತಿಗೆ ಅವರ ಕಣ್ಣಿನ ನರ ಸೊರಗುತ್ತ ಬಂದಿದೆ, ಇದು ಮೆಲ್ಲಗೆ ಕತ್ತಲಾಗುವ ಕಾಯಿಲೆ, ಹೋದದ್ದು ವಾಪಸು ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಮನುಷ್ಯ ಹೆದರಿದ್ದನ್ನು ನಾನು ನೋಡಲಿಲ್ಲ. ಒಂದೇ ಮಾತು ಹೇಳಿದರು: "ಕಣ್ಣು ಇಪ್ಪಷ್ಟರಲ್ಲಿ ಇದಕ್ಕೆ ಹೆಸರು ಇದ್ದಾ, ಇಲ್ಯಾ ಹೇಳಿ ಒಂದು ಗೊತ್ತಾಗವು. ಅಷ್ಟೇಯ."

ಇದೊಂದು ವ್ಯವಹಾರ ನನಗೆ ಬಿಡು ಭಾವ ಎಂದು ನಾನು ವಹಿಸಿಕೊಂಡೆ. ಮೊದಲು ಪೆಟ್ಟಿಗೆ. ಅವರು ಬಿಸ್ಕೀಟಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಶಿರಸಿಯ ಒಬ್ಬ ಆಚಾರಿಯ ಹತ್ತಿರ, ಅವನ ಅಂಗಳದಲ್ಲಿ ಬಿದ್ದಿದ್ದ ತುಂಡು ಸಾಗುವಾನಿಯಲ್ಲಿ, ಗಾಜಿನ ಮುಚ್ಚಳದ, ಇರುವೆ ಹೋಗದ ಪೆಟ್ಟಿಗೆ ಮಾಡಿಸಿದೆ. ಅವನಿಗೆ ನನ್ನಿಂದ ಮೇಣ ಬೇಕಿತ್ತು, ನನಗೆ ಅವನಿಂದ ಪೆಟ್ಟಿಗೆ. ಇಬ್ಬರೂ ಗೊಣಗುತ್ತ ಖುಷಿಯಾದೆವು. ಒಳಗೆ ಬೆಂಡಿನ ಹಲಗೆ, ಮೂಲೆಗೆ ನುಸಿಗುಳಿಗೆ. ಒಳ್ಳೆಯ ಕೆಲಸಕ್ಕೆ ಒಳ್ಳೆಯ ಪೆಟ್ಟಿಗೆ ಬೇಕು. ಇಲ್ಲಿ ಕಂಜೂಸಿ ಮಾಡಬೇಡಿ.

ಆಮೇಲೆ ತಿಳಿದವರನ್ನು ಹುಡುಕುವುದು. ಪತ್ರ ಬರೆದರೆ ಉತ್ತರ ಬರುವುದಿಲ್ಲ ಎಂಬುದು ನನ್ನ ಅನುಭವ. ಮುಖ ನೋಡಿ ಕೇಳಿದರೆ ಇಲ್ಲ ಅನ್ನುವುದು ಕಷ್ಟ. ಪೇಟೆಯಲ್ಲಿ ಅರಣ್ಯ ಇಲಾಖೆಯವರು, ಕಾಲೇಜಿನವರು, ಬಸ್ಸಿನವರು ಎಲ್ಲರ ಕಿವಿಯಲ್ಲೂ ಹಾಕಿಟ್ಟೆ, ಹುಳ ನೋಡುವವರು ಯಾರಾದರೂ ಈ ಕಡೆ ಬಂದರೆ ತಿಳಿಸಿ ಎಂದು. ಕಾಯುವುದು ವರ್ಷಗಟ್ಟಲೆ ಆಯಿತು. ಆ ನಡುವೆ ತುಡುವೆಗೆ ರೋಗ ಬಂತು. ಮರಿಹುಳ ಚೀಲದಂತೆ ನೀರು ತುಂಬಿಕೊಂಡು ಸಾಯುತ್ತಿತ್ತು. ಒಂದೊಂದೇ ಪೆಟ್ಟಿಗೆ ಖಾಲಿಯಾಯಿತು. ಕುಂಟುನೇರಲ ಹೂವು ಬಿಟ್ಟರೂ ಮರದಡಿ ನಿಂತರೆ ಸದ್ದೇ ಇಲ್ಲ. ನನ್ನ ಜೇನಿನ ವ್ಯಾಪಾರ ಬಿದ್ದುಹೋಗಿ ಉಪ್ಪಾಗೆಗೆ ತಿರುಗಿದ್ದು ಆಗಲೇ. ನಾವು ವಜ್ರಳ್ಳಿಯ ಆ ಮರಕ್ಕೆ ಪ್ರತಿ ಹೂವಿಗೂ ಹೋಗಿ ಬಂದೆವು. ಆ ಪತಂಗ ಮತ್ತೆ ಕಾಣಲಿಲ್ಲ. ತಿನ್ನಲು ಜೇನಿಲ್ಲದೆ ಕಣಜ ಕಡಿಮೆಯಾದ ಕಡೆ ಕಣಜದ ವೇಷಕ್ಕೂ ಬೆಲೆ ಇಲ್ಲ, ಹಕ್ಕಿಗಳು ಹೆದರುವುದನ್ನು ಮರೆತುಬಿಡುತ್ತವೆ ಎಂದು ಭಾವ ಹೇಳುತ್ತಿದ್ದರು. ಅದೇ ಕಾರಣವೋ ಬೇರೆಯೋ, ಅವರಿಗೂ ಗೊತ್ತಿರಲಿಲ್ಲ. ಪೆಟ್ಟಿಗೆಯಲ್ಲಿದ್ದ ಎರಡೇ ಎರಡು ಎಂಬುದು ಮಾತ್ರ ಗೊತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಯಲ್ಲಾಪುರದಿಂದ ಸುದ್ದಿ ಬಂತು. ಹೊರಗಿನ ಒಂದು ಸಂಸ್ಥೆಯಿಂದ ಪತಂಗಗಳನ್ನೇ ಓದಿದ ಮೇಡಂ ಒಬ್ಬರು ಕಾಡಿನ ಸರ್ವೆಗೆ ಬಂದಿದ್ದಾರೆ, ಪ್ರವಾಸಿ ಮಂದಿರದಲ್ಲಿದ್ದಾರೆ, ನಾಳೆ ಮಧ್ಯಾಹ್ನ ಹೊರಡುತ್ತಾರೆ ಎಂದು. ನಾನು ಆ ಸಂಜೆಯೇ ಜೀಪು ಗೊತ್ತುಮಾಡಿ ಹೆಗ್ಗರಣೆಗೆ ಹೋದೆ. ಬೆಳಿಗ್ಗೆ ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪೆಟ್ಟಿಗೆಯನ್ನು ಹಳೆಯ ಶಾಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತರು. ಅಷ್ಟು ಹೊತ್ತಿಗೆ ಅವರಿಗೆ ಪಕ್ಕದ್ದು ಕಾಣುತ್ತಿರಲಿಲ್ಲ, ಎದುರಿನದು ಮಸುಕು.

ಅಕ್ಕ ಬಾಗಿಲಿಗೆ ಬಂದಳು. "ತಮಾ, ಹೊಂಡ ಇಪ್ಪಲ್ಲಿ ನಿಧಾನಕ್ಕೆ ಹೋಪಲೆ ಹೇಳು ಡ್ರೈವರಂಗೆ. ಇವ್ವು ಮದುವೆಗೆ ಹೋಪಕಾರೂ ಇಷ್ಟು ಚಂದ ಮಾಡ್ಕಂಡು ಹೊರಟಿದ್ವಿಲ್ಲೆ."

"ನಮ್ಮ ಮದುವೆಗೆ?" ಎಂದರು ಭಾವ.

"ಅವತ್ತಂತೂ ಅಂಗಿ ಗುಂಡಿಯೇ ತಪ್ಪು ಹಾಕಿದ್ದಿ."

ದಾರಿಯುದ್ದಕ್ಕೂ ಭಾವ ನಗುತ್ತಲೇ ಇದ್ದರು.

ಮೇಡಂ ಧಾರವಾಡದ ಕಡೆಯವರು. ವಯಸ್ಸು ಕಡಿಮೆ, ಮಾತು ಜೋರು. ಸಾಮಾನು ಕಟ್ಟುತ್ತಿದ್ದವರು, "ಬರ್ರಿ, ಬರ್ರಿ, ಕೂಡ್ರಿ. ಆದ್ರ ಭಾಳ ಹೊತ್ತಿಲ್ರಿ ನಂಗ," ಎಂದರು. ಹೊತ್ತಿಲ್ಲ ಎನ್ನುವವರ ಹತ್ತಿರ ಹೊತ್ತು ಕೇಳಬಾರದು. ನಾನು ಒಂದು ಸೀಸೆ ಅಸಲಿ ಜೇನು ಮೇಜಿನ ಮೇಲಿಟ್ಟು, ನಿಮ್ಮ ಜೀಪಿಗೆ ಸಾಮಾನು ಹೇರುವ ಕೆಲಸ ನನಗಿರಲಿ, ಅಷ್ಟರಲ್ಲಿ ನೀವಿಬ್ಬರೂ ಮಾತಾಡಿ ಎಂದೆ. ಅವರು ನಕ್ಕು ಕುರ್ಚಿ ಎಳೆದುಕೊಂಡರು.

ನಾನು ಒಂದು ಗಂಟು ಹೊತ್ತು ವಾಪಸು ಬರುವಷ್ಟರಲ್ಲಿ ಇಬ್ಬರೂ ನೆಂಟರಾಗಿದ್ದರು. ಕಿಟಕಿ ಮಚ್ಚೆಯ ಪತಂಗಗಳ ವಿಷಯ ಬಂದಿತ್ತು. "ಈಗ ಅವ್ರು ಬ್ಯಾರೆ ಮನಿ ಅಲ್ರಿ ಸರ್. ಹುಲಿಪತಂಗದ ಮನ್ಯಾಗ ಸೇರಿಸ್ಯಾರ. ಅದನ್ನೂ ಇನ್ನೊಂದು ದೊಡ್ಡ ಮನಿಗೆ ಸೇರಿಸಬೇಕು ಅಂತ ವಾದ ನಡದೈತಿ."

"ಹೌದನ್ರೀ?" ಭಾವ ಮಗುವಿನ ಹಾಗೆ ಮುಂದೆ ಬಾಗಿದರು. "ನಾನು ಇಷ್ಟು ವರ್ಷ ಮಕ್ಕಳಿಗೆ ಹಳೇ ವಿಂಗಡಣೆಯನ್ನೇ ಹೇಳಿಬಿಟ್ಟೆ."

"ಬಿಡ್ರಿ, ನಾಳೆ ನಂದೂ ಹಳೇದ ಆಗ್ತೈತಿ."

ಆಮೇಲೆ ಶಾಲು ಬಿಚ್ಚಿ ಪೆಟ್ಟಿಗೆ ಮುಂದಿಟ್ಟರು. ಮೇಡಂ ಮುಚ್ಚಳ ತೆಗೆದು, ಆ ಎರಡು ಹುಳಗಳ ಮೇಲೆ ಭೂತಗನ್ನಡಿ ಹಿಡಿದರು. "ಅಯ್ಯ! ಏನ್ ಚಂದ ಐತ್ರಿ ಇದು!" ಎಂದು ಕೂಗಿದರು. ರೆಕ್ಕೆಯ ನರ ನೋಡಿದರು, ಮೀಸೆ ನೋಡಿದರು. ಯಾವ ಮನೆ, ಯಾವ ಕವಲು ಎಂದು ಎರಡು ಇಂಗ್ಲಿಷ್ ಹೆಸರು ಹೇಳಿದರು. ಇಂಥ ಪಟ್ಟೆ ತಾವು ನೋಡಿಯೇ ಇಲ್ಲ, ಹೊಸದಿರುವ ಸಂಭವ ಬಹಳ ಇದೆ ಎಂದರು. ಭಾವನ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತ್ತು.

ಮೇಡಂ ಪೆಟ್ಟಿಗೆಯನ್ನು ಓರೆ ಮಾಡಿದರು. ಮತ್ತೆ ನೆಟ್ಟಗೆ ಮಾಡಿದರು. ದನಿ ಇಳಿಯಿತು.

"ಸರ್, ಇದರ ಬಾಲದ ತುದಿ ಎಲ್ಲೈತ್ರಿ?"

"ಅಂದ್ರೆ?"

"ತುದಿ ಇಲ್ರಿ. ಎರಡರದೂ ಇಲ್ಲ. ಮುರದಿಲ್ರಿ ಇದು, ಕತ್ತರಿಲೆ ಕತ್ತರಿಸ್ಯಾರ ಯಾರೋ. ನೋಡ್ರಿ, ಎಷ್ಟು ಸಾಫ್ ಐತಿ."

ಪೆಟ್ಟಿಗೆಯ ಇನ್ನೊಂದು ಬದಿಯಲ್ಲಿ, ಹೋಲಿಸಲಿಕ್ಕೆಂದು ಭಾವ ಚುಚ್ಚಿಟ್ಟಿದ್ದ ನಿಜವಾದ ಕಣಜಗಳಿದ್ದವು. ಅವುಗಳ ಹಿಂಭಾಗವೂ ಮೊಂಡು. ಕಿಟಕಿ ಮಚ್ಚೆಯವು, ದುಂಬಿಯಂಥವು, ಎಲ್ಲವೂ ಮೊಂಡು. ಪಕ್ಕದಲ್ಲಿ ಚುಚ್ಚಿಟ್ಟಿದ್ದ ಒಂದು ಬೂದು ಬಣ್ಣದ ಪತಂಗ, ಪತಂಗದ ಹಾಗೆಯೇ ಕಾಣುವ ಬಡಪಾಯಿ, ಅದೊಂದು ಮಾತ್ರ ಇಡಿಯಾಗಿತ್ತು.

ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ನಾನೂ ಅಕ್ಕನೂ ಬೆಳೆದ ಮನೆಯಲ್ಲಿ ಒಂದು ಪದ್ಧತಿ. ಸತ್ತ ಕಣಜವನ್ನು ಹಾಗೇ ಬಿಸಾಡುವಂತಿಲ್ಲ. ಸತ್ತ ಮೇಲೂ ಕೊಂಡಿ ಚುಚ್ಚುತ್ತದೆ, ಮಕ್ಕಳ ಕಾಲಿಗೆ ಸಿಕ್ಕರೆ ಬಾವು ಬರುತ್ತದೆ ಎಂದು ಆಯಿ ಅದರ ಹಿಂದಿನ ತುದಿಯನ್ನು ಕತ್ತರಿಸಿ ಒಲೆಗೆ ಹಾಕುತ್ತಿದ್ದಳು. ಜೇನುಪೆಟ್ಟಿಗೆ ಇಟ್ಟ ಮನೆಗಳಲ್ಲಿ ಕಣಜ ಹೊಡೆಯದ ದಿನವಿರುವುದಿಲ್ಲ; ಕತ್ತರಿ ಮಾಡಿನ ಸಂದಿಯಲ್ಲಿ ಸಿಕ್ಕಿಸಿಯೇ ಇರುತ್ತಿತ್ತು. ಹಲ್ಲುಜ್ಜುವಷ್ಟು ಸಹಜ. ಯಾರೂ ಅದನ್ನು ಒಂದು ಕೆಲಸ ಎಂದು ಹೇಳಿಕೊಳ್ಳುವುದಿಲ್ಲ. ಭಾವನ ಕಣ್ಣು ಮಂಜಾದ ಮೇಲೆ ಪೆಟ್ಟಿಗೆಗೆ ನುಸಿಗುಳಿಗೆ ಹಾಕುವುದು ಅಕ್ಕನ ಪಾಲಿಗೆ ಬಂದಿತ್ತು. ಹಿಂದಿನ ಬೇಸಿಗೆಯ ರಜೆಗೆ ಮೊಮ್ಮಕ್ಕಳು ಬಂದು ಗಾಜಿನ ಪೆಟ್ಟಿಗೆ ತೋರಿಸು, ತೆಗೆದು ತೋರಿಸು ಎಂದು ಅವಳ ಬೆನ್ನು ಹತ್ತಿದ್ದವು. ಅದು ಪತಂಗ ಎಂದು ಭಾವ ನೂರು ಸಲ ಹೇಳಿರಬಹುದು. ಆದರೆ ಎದುರಿಗೆ ಪಟ್ಟೆಪಟ್ಟೆಯ ಮೈ ಕಾಣುವಾಗ, ಪಕ್ಕದಲ್ಲಿ ಮಕ್ಕಳ ಬೆರಳು ಇರುವಾಗ, ಕೇಳಿದ ಮಾತು ನೆನಪಿಗೆ ಬರುತ್ತದೆಯೇ? ನನ್ನ ಕೈ ಚಪ್ಪಲಿಗೆ ಹೋಗಿರಲಿಲ್ಲವೇ?

ಭಾವ ನನ್ನ ಕಡೆ ತಿರುಗಿದರು. ನನ್ನ ಮುಖ ಅವರಿಗೆ ಸರಿಯಾಗಿ ಕಂಡಿರಲಾರದು. ಆದರೂ ತಿರುಗಿದರು. ಅವರಿಗೂ ಗೊತ್ತಾಗಿತ್ತು.

"ದಾರಿಯಲ್ಲಿ ಏನೋ ಹೆಚ್ಚುಕಡಿಮೆ ಆಗಿರವು," ಎಂದರು ಮೇಡಂಗೆ. ಆಮೇಲೆ ಪುಸ್ತಕದ ಭಾಷೆಗೆ ಬಂದು, "ತುದಿ ಇಲ್ಲದೇ ಹೇಳಲಿಕ್ಕೆ ಆಗುವುದಿಲ್ಲವೇ?" ಎಂದು ಕೇಳಿದರು.

ಆಗುವುದಿಲ್ಲವಂತೆ. ಪತಂಗಗಳಲ್ಲಿ, ಅದರಲ್ಲೂ ಇಂಥ ವೇಷದವುಗಳಲ್ಲಿ, ಹೊರಗಿನ ಬಣ್ಣ ನೋಡಿ ಜಾತಿ ನಿರ್ಧರಿಸಿದರೆ ಮೋಸ ಹೋಗುತ್ತೇವೆ. ಗಂಡು ಹೆಣ್ಣು ಕೂಡುವ ಅಂಗ ಬಾಲದ ತುದಿಯಲ್ಲಿರುತ್ತದೆ. ಅದು ಪ್ರತಿ ಜಾತಿಗೂ ಬೀಗ ಮತ್ತು ಕೀಲಿಯ ಹಾಗೆ ಬೇರೆ ಬೇರೆ. ತಜ್ಞರು ಅದನ್ನು ಬಿಡಿಸಿ ನೋಡಿಯೇ ಇದು ಹಳೆಯದು, ಇದು ಹೊಸದು ಎಂದು ಹೇಳುವುದು. ಮನೆತನ ಹೇಳಬಹುದು, ಹೆಸರು ಹೇಳಲಾಗದು. "ಇನ್ನೊಂದು ಸಿಕ್ರ ಕಳಸ್ರಿ ಸರ್, ಗಂಡು ಸಿಕ್ರ ಭಾಳ ಛಲೋ. ನಾ ಖರೇನ ಮಾಡಿಕೊಡ್ತೀನಿ," ಎಂದರು. ಅವರ ದನಿಯಲ್ಲಿ ಬೇಸರ ನಿಜವಾಗಿಯೂ ಇತ್ತು.

ನಾನು ಬಿಡುವ ಪೈಕಿ ಅಲ್ಲ. ಒಂದಂದಾಜು ಹೇಳಿ, ನೂರಕ್ಕೆ ಎಷ್ಟು ಖಾತ್ರಿ, ನಿಮ್ಮ ಗುರುಗಳಿಗೆ ತೋರಿಸಿದರೆ ಹೇಗೆ, ಪೆಟ್ಟಿಗೆ ಇಲ್ಲೇ ಬಿಟ್ಟುಹೋಗಲೇ ಎಂದು ನಾಲ್ಕು ದಿಕ್ಕಿನಿಂದ ಚೌಕಾಸಿ ಮಾಡಿದೆ. ಯಾವ ಮಾಲಿಗೂ ಒಂದು ನಡುವಿನ ದರ ಇರುತ್ತದೆ ಎಂದು ಬದುಕಿದವನು ನಾನು. ಇಲ್ಲಿ ನಡುವಿನದು ಇರಲಿಲ್ಲ. ಭಾವನೇ ನನ್ನ ತೋಳು ಮುಟ್ಟಿ, "ಸಾಕು ಭಾವಾ, ಹೋಪನ," ಎಂದರು.

ವಾಪಸು ಬರುವಾಗ ಶಿರಸಿ ದಾಟಿದೆವು. ಆಮೇಲೆ ಅವರು ಹೇಳಿದ್ದು: "ನಿನ್ನ ಅಕ್ಕಂಗೆ ಮಾತ್ರ ಗೊತ್ತಪ್ಪಲಾಗ."

"ಹೇಳದ್ದೇ ಹೆಂಗೆ? ನಾಳೆ ಇನ್ನೊಂದು ಸಿಕ್ಕಿದ್ರೆ ಅದನ್ನೂ..."

"ಸಿಕ್ಕಿದ್ರೆ ಆವಾಗ ನೋಡನ. ಮಕ್ಕಳಿಗೆ ಚುಚ್ಚಲಾಗ ಹೇಳಿ ಮಾಡಿದ್ದು ಅದು. ನಿನ್ನ ಅಕ್ಕಂಗೆ ಗೊತ್ತಾದ್ರೆ ಎನ್ನ ಒಂದು ಸಾಮಾನೂ ಮುಟ್ಟತಿಲ್ಲೆ. ಇನ್ನು ಮುಂದೆ ಎನ್ನ ಎಲ್ಲಾ ಸಾಮಾನೂ ಅದೇ ಕೈಗೆ ಕೊಡವು ಮಾರಾಯಾ."

ಪೆಟ್ಟಿಗೆಯ ಮೇಲಿಂದ ಜಾರಿದ್ದ ಶಾಲನ್ನು ನಾನು ಎಳೆದು ಸುತ್ತಿದೆ.

ಮನೆ ಮುಟ್ಟಿದಾಗ ಅಕ್ಕ ಅಂಗಳಕ್ಕೇ ಬಂದಿದ್ದಳು. "ಎಂತ ಆತು? ಹೊಸದಡನ?"

"ಅಲ್ಲ," ಎಂದರು ಭಾವ, ಮೆಟ್ಟಿಲನ್ನು ಕಾಲಿನಲ್ಲಿ ಹುಡುಕುತ್ತ. "ಹೆಸರು ಇದ್ದಡ. ಯಾರೋ ಎಂದೋ ಇಟ್ಟಿದ್ದು. ಹಳೇದೇಯ."

ಒಂದು ಗಳಿಗೆ ಅವಳ ಮುಖ ಬಾಡಿತು. ಆಮೇಲೆ ಅವರ ಕೈ ಹಿಡಿದು ಮೆಟ್ಟಿಲು ಹತ್ತಿಸುತ್ತ, "ಆಗ್ಲಿ ಬಿಡಿ. ಹೆಸರು ಇದ್ದಲ, ಅನಾಥ ಅಂತೂ ಅಲ್ದಲ," ಎಂದಳು.

ಆಮೇಲಿನ ವರ್ಷಗಳು ನನಗೆ ಸಂಕಟ ಕೊಟ್ಟವು. ಅಕ್ಕ ಅದನ್ನೊಂದು ತಮಾಷೆ ಮಾಡಿಕೊಂಡಳು. ಬಂದ ನೆಂಟರಿಗೆಲ್ಲ, "ಇವ್ವು ವರ್ಷಗಟ್ಟಲೆ ಹೊಸಾ ಪತಂಗ ಹೇಳಿ ಮುಚ್ಚಟೆ ಮಾಡಿದ್ದು ಊರಿಗೆಲ್ಲ ಗೊತ್ತಿದ್ದಿದ್ದಡ. ಎನ್ನ ತಮ್ಮ ಬೇರೆ ಜೀಪು ಮಾಡ್ಕಂಡು ಹೋಗಿದ್ದ, ದಿಬ್ಬಣದಂಗೆ!" ಎಂದು ನಗುತ್ತಿದ್ದಳು. ಭಾವನೂ ನಗುತ್ತಿದ್ದರು. ನಾನು ಚಾದ ಲೋಟದೊಳಗೆ ನೋಡುತ್ತಿದ್ದೆ. ಹಳೆಯದು ಎಂದು ಹೇಳಿಯಾದ ಮೇಲೆ ಬಹಿರಂಗವಾಗಿ ಹುಡುಕುವಂತೆಯೂ ಇಲ್ಲ. ಕುಂಟುನೇರಲ ಹೂವು ಬಿಟ್ಟಾಗ, ಕಣ್ಣಿನ ಔಷಧಿ ತರಬೇಕು ಎಂದು ನೆವ ಹೇಳಿ ಅವರನ್ನು ಕರೆದುಕೊಂಡು ವಜ್ರಳ್ಳಿಗೆ ಹೋಗುತ್ತಿದ್ದೆ. ಅವರಿಗೆ ಆಗ ಹೂವಿನ ಬಿಳಿಯೂ ಕಾಣುತ್ತಿರಲಿಲ್ಲ. ಮರದಡಿ ನಿಂತು ಕಿವಿಗೊಡುತ್ತಿದ್ದರು. "ತುಡುವೆ ವಾಪಸು ಬತ್ತಾ ಇದ್ದು, ಕೇಳ್ತಾ?" ಎನ್ನುತ್ತಿದ್ದರು. ನಾನು ಟೊಂಗೆ ಟೊಂಗೆ ನೋಡಿ, ಕಪ್ಪು ಹಳದಿ ಕಂಡದ್ದನ್ನೆಲ್ಲ ಸೀಸೆಗೆ ಹಾಕಿ, ಏನಿದೆ ಎಂದು ಬಾಯಲ್ಲಿ ವರ್ಣಿಸುತ್ತಿದ್ದೆ. ಸೊಂಟ ನಿಜಕ್ಕೂ ಸಣ್ಣ ಎಂದರೆ ಅವರೇ, "ಬಿಟ್ಟುಬಿಡು, ಅದು ಅಸಲಿ," ಎನ್ನುತ್ತಿದ್ದರು. ಎಷ್ಟೋ ಸಲ ಅಸಲಿಯೇ ಸಿಕ್ಕಿ ನನ್ನ ಬೆರಳು ಬಾತುಕೊಂಡು ಮನೆಗೆ ಬಂದಿದ್ದೇನೆ.

ಏನನ್ನಾದರೂ ಜೋಪಾನ ಮಾಡುವವರಿಗೆ ನನ್ನದೊಂದು ಸಲಹೆ ಇದೆ. ಪೆಟ್ಟಿಗೆ ಎಷ್ಟೇ ಗಟ್ಟಿಯಿರಲಿ, ಮನೆಯವರನ್ನು ಕೂರಿಸಿ, ಇದರಲ್ಲಿ ಯಾವ ಭಾಗ ಯಾಕೆ ಮುಖ್ಯ ಎಂದು ಬಿಡಿಸಿ ಹೇಳಿ. ಹೇಳಿದ್ದನ್ನು ಅವರ ಬಾಯಿಂದ ಒಂದು ಸಲ ವಾಪಸು ಹೇಳಿಸಿ. ಇರುವೆಯಿಂದ, ತೇವದಿಂದ ಕಾಪಾಡುವ ಉಪಾಯ ನಮಗಿಬ್ಬರಿಗೂ ಗೊತ್ತಿತ್ತು. ಮನೆಯವರ ಪ್ರೀತಿಯಿಂದಲೂ ಕಾಪಾಡಬೇಕಾದೀತು ಎಂಬ ಯೋಚನೆ ಇಬ್ಬರಿಗೂ ಬರಲಿಲ್ಲ. ಹಕ್ಕಿಗಳನ್ನು ಹೆದರಿಸಲು ಎಷ್ಟೋ ಲಕ್ಷ ವರ್ಷ ತಿದ್ದಿ ತೀಡಿ ಬಂದ ವೇಷ, ಸತ್ತ ಮೇಲೂ ತನ್ನ ಕೆಲಸ ಮಾಡಿತು, ಅದೂ ನಮ್ಮ ಅಡುಗೆಮನೆಯಲ್ಲಿ.

ಭಾವ ಕಣ್ಣು ಪೂರ್ತಿ ಹೋದ ಮೇಲೆ ಹೆಚ್ಚು ಕಾಲ ಇರಲಿಲ್ಲ. ವರ್ಷಾಂತದ ಕಾರ್ಯ ಮುಗಿದ ಮರುದಿನ ಅಕ್ಕ ನನ್ನನ್ನು ಕೂರಿಸಿಕೊಂಡು, ಆ ಪೆಟ್ಟಿಗೆಯನ್ನು ಅವರು ಕಲಿಸಿದ ಹೈಸ್ಕೂಲಿಗೆ ಕೊಡುವುದೆಂದು ಹೇಳಿದಳು. ಕಾಗದ, ಪೆನ್ನು ಎದುರಿಗಿಟ್ಟಳು.

"ಮಕ್ಕಳು ನೋಡ್ತ ತಮಾ, ಹೆಸರು ಬರದು ಅಂಟಿಸವು. ಆ ಮೇಡಂ ಹೇಳಿದ ಹೆಸರು ಇವ್ವು ಎಂಗೆ ಹೇಳಿದ್ವೇ ಇಲ್ಲೆ. ಆನೂ ಕೇಳಿದ್ನಿಲ್ಲೆ, ಬೇಜಾರ್ ಮಾಡ್ಕತ್ವೇನ ಹೇಳಿ. ನೀನು ಅಲ್ಲೇ ಇದ್ದಿದ್ಯಲ, ನಿಂಗೆ ಗೊತ್ತಿದ್ದಲ."

ಬಾಯಿಗೆ ಬಂದ ಯಾವುದಾದರೂ ಇಂಗ್ಲಿಷ್ ಹೆಸರು ಗೀಚಿದರೆ ಆಗಿಹೋಗುತ್ತಿತ್ತು. ಓದಿ ತಿಳಿಯುವವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಆದರೆ ಜೀವನವಿಡೀ ಅಸಲಿ ಹೆಸರಿಗಾಗಿ ಕಾದವರ ಪೆಟ್ಟಿಗೆಯ ಮೇಲೆ ನಕಲಿಯದನ್ನು ಬರೆಯಲು ಕೈ ಬರಲಿಲ್ಲ. ನಿಜ ಹೇಳಲು ಬಾಯಿಯೂ ಬರಲಿಲ್ಲ. ಮೇಡಂ ಹೇಳಿದ ಮನೆತನದ ಹೆಸರು ಬರೆದೆ. ಕವಲಿನ ಹೆಸರು ಬರೆದೆ. ಸಿಕ್ಕಿದ ಜಾಗ, ವಜ್ರಳ್ಳಿ ಹತ್ತಿರ, ಕುಂಟುನೇರಲ ಹೂವಿನ ಮೇಲೆ. ಹಿಡಿದವರು ಎಂದು ಭಾವನ ಹೆಸರು. ಕವಲಿನ ಹೆಸರಿನ ಮುಂದೆ, ಜಾತಿಯ ಹೆಸರು ಬರಬೇಕಾದಲ್ಲಿ, ಒಂದು ಶಬ್ದದಷ್ಟು ಜಾಗವನ್ನು ಹಾಗೇ ಬಿಟ್ಟೆ.

ಅಕ್ಕ ಕನ್ನಡಕ ಹಾಕಿಕೊಂಡು ಕಾಗದವನ್ನು ಹತ್ತಿರಕ್ಕೆ ಹಿಡಿದಳು. ಖಾಲಿ ಜಾಗದ ಮೇಲೆ ಬೆರಳಿಟ್ಟಳು.

"ಇಲ್ಲಿ ಎಂತ ಬರ್ತು ತಮಾ?"

"ಎಂಗೆ ನೆನಪಿಲ್ಲೆ ಅಕ್ಕಾ," ಎಂದೆ.

"ಅಯ್ಯೋ, ನಿಂಗೂ ನೆನಪಿಲ್ಯನ?" ಎಂದು ಅವಳು ಕಾಗದವನ್ನು ಮಡಿಲಲ್ಲಿಟ್ಟುಕೊಂಡಳು. "ಇಷ್ಟು ವರ್ಷ ನಗ್ಯಾಡಿದಿ ಆನು. ಒಂದ್ಸಲ ಹೆಸರು ಕೇಳ್ಲಾಗಿತ್ತು." ಆಮೇಲೆ ಅಂಟು ಮಾಡಲು ಮೈದಾ ಹಿಟ್ಟು ತರುತ್ತೇನೆಂದು ಒಳಗೆ ಎದ್ದುಹೋದಳು.